ಪಟ್ಟಿ ಉದ್ದ, ದುಡ್ಡು ಕಡಿಮೆ: ಹಳೆ ಕಾರಿಗೆ ಯಾವ ಕೆಲಸ ಮೊದಲು?

ಪ್ರಶ್ನೆ: ಸರ್, ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ. 12 ವರ್ಷ ಹಳೆಯದು, 1,18,000 ಕಿ.ಮೀ. ಓಡಿದೆ. ಹಿಂದಿನ ಓನರ್ ಹತ್ತಿರ ಸರ್ವಿಸ್ ದಾಖಲೆ ಒಂದೂ ಇರಲಿಲ್ಲ. ಓಡಿಸಲು ಚೆನ್ನಾಗಿಯೇ ಇದೆ. ಆದರೆ ಗ್ಯಾರೇಜಿನಲ್ಲಿ ತೋರಿಸಿದಾಗ ಉದ್ದನೆ ಪಟ್ಟಿ ಕೊಟ್ಟರು: ಎಸಿ ಗ್ಯಾಸ್, ಮುಂದೆ ಎಡಗಡೆ ಕಟಕಟ ಸದ್ದು, ಟ್ಯಾಪೆಟ್ ಕವರ್ ಹತ್ತಿರ ಆಯಿಲ್ ಜಿನುಗು, ಟೈಮಿಂಗ್ ಬೆಲ್ಟ್, ಬ್ರೇಕ್ ಆಯಿಲ್, ಕೂಲಂಟ್, ಸ್ಪಾರ್ಕ್ ಪ್ಲಗ್, ಗೇರ್ ಆಯಿಲ್, ಹಿಂದಿನ ಶಾಕ್ ಅಬ್ಸಾರ್ಬರ್, ನಾಲ್ಕು ಟೈರ್, ಹರಿದ ಆಕ್ಸಲ್ ಬೂಟ್, ಇಂಜಿನ್ ಫ್ಲಶ್. ಈಗ ನನ್ನ ಕೈಲಿರುವ ದುಡ್ಡಿಗೆ ಇದರಲ್ಲಿ ಮೂರನೇ ಒಂದು ಭಾಗ ಆದರೆ ಹೆಚ್ಚು. ಮನೆಯವರಿಗೆ ಎಸಿ ಬೇಕು, ನನಗೆ ಆ ಕಟಕಟ ಸದ್ದು ನಿಲ್ಲಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಗಾಬರಿ ಬಿಡಿ. ಈ ವಯಸ್ಸಿನ, ದಾಖಲೆಯಿಲ್ಲದ ಯಾವ ಕಾರನ್ನು ಲಿಫ್ಟಿಗೆ ಏರಿಸಿದರೂ ಇಷ್ಟುದ್ದದ ಪಟ್ಟಿ ಬಂದೇ ಬರುತ್ತದೆ. ನಿಮ್ಮ ಮೆಕ್ಯಾನಿಕ್ ಸುಮ್ನೆ ಹೆದರಿಸಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಆದರೆ ಆ ಪಟ್ಟಿಯಲ್ಲಿ ಜೀವಕ್ಕೆ ಸಂಬಂಧಿಸಿದ್ದೂ ಇದೆ, ಆರಾಮಕ್ಕೆ ಸಂಬಂಧಿಸಿದ್ದೂ ಇದೆ, ಬೇಡವೇ ಬೇಡದ್ದೂ ಒಂದಿದೆ. ಇರಲೇಬೇಕಾಗಿದ್ದ ಒಂದು ಕೆಲಸ ಬಿಟ್ಟೂ ಹೋಗಿದೆ.

ನಾನು ಕಾರಿನ ಕೆಳಗೆ ಮಲಗಿ ಕೆಲಸ ಕಲಿತವನು. ಇಂಥ ಪಟ್ಟಿ ಕೈಗೆ ಬಂದರೆ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳುತ್ತೇನೆ. ಇದು ಕೈಕೊಟ್ಟರೆ ತನ್ನ ಜೊತೆ ಇನ್ನೇನನ್ನು ಹಾಳು ಮಾಡುತ್ತದೆ? ಕೈಕೊಡುವ ಮೊದಲು ಸುಳಿವು ಕೊಡುತ್ತದಾ? ಸದ್ದು ಮಾಡುವ, ಸೋರುವ, ನಡುಗುವ ಭಾಗಗಳು ತಾವಾಗಿಯೇ ನಮ್ಮ ಗಮನ ಸೆಳೆಯುತ್ತವೆ. ಸದ್ದಿಲ್ಲದೆ ಹಳತಾಗುವ ಟೈರ್, ಬ್ರೇಕ್ ಆಯಿಲ್, ಟೈಮಿಂಗ್ ಬೆಲ್ಟ್, ಕೂಲಂಟ್ ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಬ್ರೇಕ್ ಆಯಿಲ್‌ನಿಂದ ಶುರು ಮಾಡೋಣ. ಖರ್ಚು ಕಡಿಮೆ, ಕೆಲಸ ಬೇಗ ಮುಗಿಯುತ್ತದೆ, ಆದರೂ ಜನ ಇದನ್ನೇ ಮುಂದೆ ಹಾಕುತ್ತಾರೆ. ಈ ಎಣ್ಣೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಡಬ್ಬಿಯ ಮೇಲೆ ಡಾಟ್ 4 (DOT 4) ಎಂದು ಬರೆದಿರುವ ದರ್ಜೆಯ ಎಣ್ಣೆ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಸುಮಾರು ಶೇ. 3.7 ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205ರಿಂದ 140ಕ್ಕೆ. ಊರೊಳಗೆ ಓಡಾಡುವಾಗ ಇದರ ಸುಳಿವೇ ಸಿಗುವುದಿಲ್ಲ, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದಾಗ ಚಕ್ರದ ಬಳಿ ಬ್ರೇಕ್ ಪ್ಯಾಡ್ ಅದುಮುವ ಕ್ಯಾಲಿಪರ್ ಕಾಯುತ್ತದೆ, ಒಳಗಿನ ನೀರು ಆವಿಯಾಗುತ್ತದೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ಆಗ ಪೆಡಲ್ ನೆಲದವರೆಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬಹಳಷ್ಟು ಮ್ಯಾನುಯಲ್‌ಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ. ನಿಮ್ಮ ಕಾರಿನಲ್ಲಿ ಕೊನೆಯ ಸಲ ಯಾವಾಗ ಬದಲಾಯಿತೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈ ವಾರವೇ ಮಾಡಿಸಿ.

ಅದರ ಜೊತೆ ಪ್ಯಾಡ್ ತೆಗೆಸಿ ಕಣ್ಣಾರೆ ನೋಡಿ. ಲೋಹದ ತಟ್ಟೆ ಬಿಟ್ಟು ಉಜ್ಜುವ ಭಾಗ 3 ಮಿ.ಮೀ.ಗೆ ಬಂದಿದ್ದರೆ ಬದಲಿಸುವ ಹೊತ್ತು. ಹಿಂದೆ ಡ್ರಮ್ ಇದ್ದರೆ ಅದನ್ನೂ ಬಿಚ್ಚಿಸಿ, ಲೈನರ್ ಎಷ್ಟು ಉಳಿದಿದೆ, ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಒದ್ದೆಯಾಗಿದೆಯೇ ನೋಡಿ. ಚಕ್ರದ ಹತ್ತಿರ ಬರುವ ರಬ್ಬರ್ ಬ್ರೇಕ್ ಹೋಸ್ ಬಾಗಿಸಿದಾಗ ಬಿರುಕು ಕಂಡರೆ ಅದನ್ನೂ ಹಾಕಿಸಿ. ಇನ್ನೊಂದು ವಿಷಯ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಎಂದು ಸುಮ್ನೆ ತುಂಬಿಸಬೇಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದಕ್ಕೆ ಮಟ್ಟ ಇಳಿಯುತ್ತದೆ. ತುಂಬಿಸಿದರೆ ಕಾರು ಕೊಡುತ್ತಿರುವ ಸುಳಿವನ್ನೇ ಮುಚ್ಚಿಹಾಕಿದಂತೆ. ಪ್ಯಾಡ್ ಸವೆಯದೆ ಮಟ್ಟ ಇಳಿದಿದ್ದರಂತೂ ಎಲ್ಲೋ ಸೋರುತ್ತಿದೆ, ಗಾಡಿ ಓಡಿಸಲೇಬಾರದು.

ಟೈರ್‌ಗೆ ಬನ್ನಿ. ಟೈರಿನ ಪಕ್ಕದಲ್ಲಿ DOT ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಒಂದು ಸಾಲಿದೆ, ಅದರ ಕೊನೆಯಲ್ಲಿ 4 ಅಂಕಿ. 2316 ಅಂತಿದ್ದರೆ 2016ರ 23ನೇ ವಾರ ತಯಾರಾದ ಟೈರ್. ಈ ಪೂರ್ತಿ ಸಾಲು ಒಂದೇ ಬದಿಯಲ್ಲಿರುತ್ತದೆ. ಹೊರಗಡೆ ಕಾಣದಿದ್ದರೆ ಒಳಬದಿ ಟಾರ್ಚ್ ಹಿಡಿದು ನೋಡಿ. ರಸ್ತೆಗೆ ತಾಗುವ ಮೈಯಲ್ಲಿರುವ ಗುಂಡಿ (ಗೀರು) ಎಷ್ಟು ಆಳ ಇದೆ ಎಂದಷ್ಟೇ ನೋಡಿ ಬಿಟ್ಟರೆ ಸಾಲದು. ಕಡಿಮೆ ಓಡಿದ ಕಾರಿನಲ್ಲಿ ಗುಂಡಿ ಹೊಸದರಂತೆ ಕಂಡರೂ ರಬ್ಬರ್ ಒಣಗಿ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ. ಅಂಥ ಟೈರ್ ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಆರು ವರ್ಷ ದಾಟಿದರೆ ಪ್ರತಿ ವರ್ಷ ಚೆನ್ನಾಗಿ ಪರೀಕ್ಷೆ ಮಾಡಿಸಬೇಕು, ಹತ್ತಾದರೆ ನೋಡಲು ಹೇಗಿದ್ದರೂ ತೆಗೆಯಬೇಕು. ಗುಂಡಿಗಳ ನಡುವೆ ಅಡ್ಡಲಾಗಿ ಚಿಕ್ಕ ದಿಣ್ಣೆಗಳಿವೆ. ಟೈರ್ ಸವೆದು ಆ ದಿಣ್ಣೆಗೆ ಸಮ ಆದರೆ ಉಳಿದಿರುವುದು 1.6 ಮಿ.ಮೀ. ಮಾತ್ರ. ಅಲ್ಲಿಗೆ ಟೈರ್ ಮುಗಿಯಿತು.

ನಾಲ್ಕಕ್ಕೆ ದುಡ್ಡಿಲ್ಲ, ಎರಡಕ್ಕಿದೆ ಅಂದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಇಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಾದರೂ ಅಷ್ಟೇ. ಗ್ಯಾರೇಜಿನಲ್ಲಿ ಇದಕ್ಕೆ ಒಪ್ಪದವರು ಸಿಗುತ್ತಾರೆ, ನೀವು ಗಟ್ಟಿಯಾಗಿ ಹೇಳಿ. ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ, ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಬಹುತೇಕ ಸರಿಹೋಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಹಿಡಿದು ನಿಲ್ಲಿಸುವುದು ಬಹಳ ಜನರ ಕೈಲಿ ಆಗುವುದಿಲ್ಲ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ಮೊದಲು ನಿಮ್ಮ ಇಂಜಿನ್‌ನಲ್ಲಿರುವುದು ಬೆಲ್ಟೋ ಚೈನೋ ಖಚಿತ ಮಾಡಿಕೊಳ್ಳಿ. ಓನರ್ಸ್ ಮ್ಯಾನುಯಲ್‌ನ ಸರ್ವಿಸ್ ಪುಟದಲ್ಲಿ ಬೆಲ್ಟ್ ಬದಲಿಸುವ ಅವಧಿ ಬರೆದಿದ್ದರೆ ಬೆಲ್ಟ್. ಚೈನ್ ಆದರೆ ಸಾಮಾನ್ಯವಾಗಿ ಅವಧಿ ಇರುವುದಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಗಡಗಡ ಅನ್ನುತ್ತದೆಯೇ ಅಷ್ಟು ಗಮನಿಸಿದರೆ ಸಾಕು.

ಬೆಲ್ಟ್ ಆಗಿದ್ದರೆ, ಅದು ಒಳಗೆ ಪ್ಲಾಸ್ಟಿಕ್ ಕವರ್ ಹಿಂದೆ ಕೂತಿರುವ ಹಲ್ಲುಗಳ ರಬ್ಬರ್ ಪಟ್ಟಿ. ಮಾಡೆಲ್ ನೋಡಿಕೊಂಡು 60,000ದಿಂದ 1,00,000 ಕಿ.ಮೀ.ಗೆ ಅಥವಾ ಇಂತಿಷ್ಟು ವರ್ಷಕ್ಕೆ ಬದಲಿಸಿ ಎಂದಿರುತ್ತದೆ, ಯಾವುದು ಮೊದಲೋ ಅದು. ಹಲವು ಇಂಜಿನ್‌ಗಳಲ್ಲಿ ವಾಲ್ವ್ (ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಕದ) ಮತ್ತು ಪಿಸ್ಟನ್ ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗುತ್ತವೆ. ಆ ಹೊತ್ತನ್ನು ಕಾಯುವುದು ಈ ಬೆಲ್ಟ್. ಅದು ತುಂಡಾದ ಗಳಿಗೆ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಹೊಡೆಯುತ್ತದೆ. ಅಂಥ ಇಂಜಿನ್ ಬಿಚ್ಚಿದಾಗ ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತು ಮೂಡಿರುತ್ತದೆ. ವಾಲ್ವ್ ಬಗ್ಗಿರುವುದು ಕೆಲವು ಸಲ ಬರಿಗಣ್ಣಿಗೆ ಕಾಣುವುದೇ ಇಲ್ಲ. ದಪ್ಪ ಗಾಜಿನ ಮೇಲೆ ಒಂದೊಂದನ್ನೇ ಉರುಳಿಸುತ್ತೇವೆ. ನೆಟ್ಟಗಿರುವುದು ಸಲೀಸಾಗಿ ಉರುಳುತ್ತದೆ, ಬಗ್ಗಿದ್ದು ಓಲಾಡುತ್ತದೆ. ಹಾಗೆ ಓಲಾಡುವ ಒಂದೊಂದು ವಾಲ್ವೂ ಓನರ್‌ಗೆ ಎಷ್ಟು ಭಾರವೋ ನನಗೆ ಗೊತ್ತು. ಬೆಲ್ಟ್ ಬದಲಿಸುವ ಖರ್ಚಿಗಿಂತ ವಾಲ್ವ್‌ಗಳು ಕೂತಿರುವ ಇಂಜಿನ್‌ನ ಮೇಲ್ಭಾಗ, ಅಂದರೆ ಹೆಡ್ ಬಿಚ್ಚಿ ಕಟ್ಟುವ ಖರ್ಚು ಹಲವು ಪಟ್ಟು ಜಾಸ್ತಿ. ಅದಕ್ಕಿಂತ ಮುಖ್ಯ, ವೇಗವಾಗಿ ಹೋಗುವಾಗ ಇಂಜಿನ್ ನಿಂತರೆ ಹಲವು ಕಾರುಗಳಲ್ಲಿ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಎರಡು ಮೂರು ಸಲ ಒತ್ತಿದ ಮೇಲೆ ಕಲ್ಲಿನಂತಾಗುತ್ತದೆ.

‘ಹೋದ ವರ್ಷ ಹಾಕಿಸಿದ್ದೆ’ ಎಂದು ಹಿಂದಿನ ಓನರ್ ಬಾಯಿಮಾತಲ್ಲಿ ಹೇಳಿದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಬಿಲ್ ಇದೆಯಾ? ಕವರ್ ಮೇಲೆ ಕಿ.ಮೀ. ಬರೆದ ಸ್ಟಿಕರ್ ಇದೆಯಾ? ಎರಡೂ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಕವರ್ ಬಿಚ್ಚಿ ‘ಬೆಲ್ಟ್ ನೋಡಲು ಚೆನ್ನಾಗಿದೆ’ ಅನ್ನುವುದನ್ನೂ ನಂಬಬೇಡಿ. ಚೆನ್ನಾಗಿ ಕಾಣುತ್ತಲೇ ಹಲ್ಲು ಕಿತ್ತುಬರುತ್ತದೆ. ಹಾಕಿಸುವಾಗ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ದಾರಿಯಲ್ಲಿ ಹಿಡಿದಿಡುವ ಐಡ್ಲರ್ ಚಕ್ರ ಒಟ್ಟಿಗೆ ಬದಲಿಸಿ. ವಾಟರ್ ಪಂಪನ್ನು ಇದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಬಿಡಬೇಡಿ. ಬಿಚ್ಚುವ ಕೂಲಿ ಒಂದೇ. ಹಳೆ ಪಂಪ್ ಮುಂದಿನ ವರ್ಷ ಸೋರಿದರೆ ಅಷ್ಟೂ ಮತ್ತೆ ಬಿಚ್ಚಬೇಕಾಗುತ್ತದೆ, ಅಲ್ವಾ?

ಹೇಗೂ ಪಂಪ್ ಬದಲಿಸುವಾಗ ಇಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್ ಇಳಿಸಲೇಬೇಕು, ಆ ಕೆಲಸ ಅಲ್ಲೇ ಮುಗಿಯುತ್ತದೆ. ಡಬ್ಬಿಯಲ್ಲಿ ಈಗ ಏನಿದೆ ನೋಡಿ. ಹಸಿರೋ ಕೆಂಪೋ ತಿಳಿಯಾಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ಕೂತಿದ್ದರೆ ಯಾರೋ ಬರೀ ನಲ್ಲಿ ನೀರು ತುಂಬಿಸುತ್ತಾ ಬಂದಿದ್ದಾರೆ, ಒಳಗೆ ತುಕ್ಕು ಶುರುವಾಗಿದೆ. ಇಂಜಿನ್ ಕಾದು ಹೆಚ್ಚಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಅದರಡಿಯ ಸೀಲ್, ಅಂದರೆ ಗ್ಯಾಸ್ಕೆಟ್ ಹೋಗುತ್ತದೆ. ರೇಡಿಯೇಟರ್ ಕ್ಯಾಪ್ ಕೂಡ ಹೊಸದು ಹಾಕಿಸಿ. ನೀರು 100 ಡಿಗ್ರಿಗೆ ಕುದಿಯುತ್ತದೆ, ಆದರೆ ಕ್ಯಾಪ್ ಒಂದು ಬಾರ್ ಒತ್ತಡ ಹಿಡಿದಿಟ್ಟರೆ 120ರ ಹತ್ತಿರದವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತ ಕ್ಯಾಪ್‌ನಿಂದ ಆ ಅಂತರವೇ ಹೋಗಿಬಿಡುತ್ತದೆ. ಇಂಜಿನ್ ಬಿಸಿಯಿದ್ದಾಗ ಮಾತ್ರ ಆ ಕ್ಯಾಪ್ ತೆರೆಯಲೇಬೇಡಿ. ದುಡ್ಡಿಲ್ಲದ ಒಂದು ಪರೀಕ್ಷೆಯೂ ಇದೆ. ನಿಂತಲ್ಲೇ ಇಂಜಿನ್ ಓಡಲು ಬಿಡಿ, ಮೀಟರ್ ನೋಡುತ್ತಿರಿ. ಮುಳ್ಳು ನಡುವಿನಲ್ಲಿ ನಿಂತು, ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು.

ಪಟ್ಟಿಯಲ್ಲಿ ಬಿಟ್ಟುಹೋದದ್ದು ಇಂಜಿನ್ ಆಯಿಲ್ ಮತ್ತು ಫಿಲ್ಟರ್. ಬೇಡದೇ ಇದ್ದದ್ದು ಇಂಜಿನ್ ಫ್ಲಶ್, ಅಂದರೆ ರಾಸಾಯನಿಕ ಹಾಕಿ ಇಂಜಿನ್ ಒಳಗನ್ನು ತೊಳೆಯುವುದು. ದಾಖಲೆಯಿಲ್ಲದ ಹಳೆ ಇಂಜಿನ್‌ಗೆ ಫ್ಲಶ್ ಹಾಕುವುದು ನನಗೆ ಇಷ್ಟವಿಲ್ಲ. ಒಳಗೆ ಗಟ್ಟಿಯಾಗಿ ಕೂತಿರುವ ಕೊಳೆ ಒಮ್ಮೆಲೇ ಕಿತ್ತುಬಂದು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬಂದರೆ ಬೇರಿಂಗ್‌ಗಳಿಗೆ ಎಣ್ಣೆಯೇ ಸಿಗುವುದಿಲ್ಲ. ಮ್ಯಾನುಯಲ್ ಹೇಳಿದ ದರ್ಜೆಯ ಆಯಿಲ್ ಈಗ ಹಾಕಿಸಿ. 4,000 ಕಿ.ಮೀ. ಆದ ಮೇಲೆ ಮತ್ತೊಮ್ಮೆ ಬದಲಿಸಿ. ಕೊಳೆ ನಿಧಾನವಾಗಿ ಬಿಟ್ಟುಕೊಳ್ಳಲಿ.

ಇನ್ನು ನಿಮಗೆ ನಿದ್ದೆ ಕೆಡಿಸಿರುವ ಕಟಕಟ ಸದ್ದು. ಇದು ಮೊದಲಿಗೋ ಕೊನೆಗೋ ಎಂದು ನಾನು ಈಗಲೇ ಹೇಳಲಾರೆ, ಯಾಕೆಂದರೆ ಒಂದೇ ಥರದ ಸದ್ದನ್ನು ಬೇರೆ ಬೇರೆ ಭಾಗಗಳು ಮಾಡುತ್ತವೆ. ತಿರುವಿನಲ್ಲಿ ಕಾರು ಓಲದಂತೆ ಹಿಡಿಯುವ ಲಿಂಕ್ ರಾಡ್ ಅಥವಾ ಸ್ಟೆಬಿಲೈಸರ್ ಬುಷ್ ಆದರೆ ಕಿರಿಕಿರಿ ಅಷ್ಟೇ, ತಿಂಗಳುಗಟ್ಟಲೆ ಕಾಯಬಹುದು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಟೈ ರಾಡ್ ಎಂಡ್ ಆದರೆ ಒಂದು ದಿನವೂ ಬೇಡ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಕಾರಿನ ಅಡಿಗೆ ಮಡಚಿಕೊಳ್ಳುತ್ತದೆ. ಆದ್ದರಿಂದ ಗ್ಯಾರೇಜಿನಲ್ಲಿ ನಿಮ್ಮ ಎದುರೇ ಚಕ್ರ ಎತ್ತಿಸಿ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಮೇಲೆ ಅನುಮಾನ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಇದ್ದರೆ ಟೈ ರಾಡ್. ರಾಡು ಹಾಕಿ ಮೀಟಿ ತೋರಿಸಿ ಎಂದು ಕೇಳಿ, ನಾಚಿಕೆ ಬೇಡ. ನೀವೇ ಮನೆಯಲ್ಲಿ ನೋಡುವುದಾದರೆ ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ.

ಆಕ್ಸಲ್ ಬೂಟ್, ಅಂದರೆ ಚಕ್ರ ತಿರುಗಿಸುವ ರಾಡಿನ ಜಾಯಿಂಟಿನ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆ, ಅದರ ಬಗ್ಗೆ ಹೀಗೆ ಮಾಡಿ. ಹರಿದ ಬೂಟಿನಿಂದ ಗ್ರೀಸ್ ಸಿಡಿದು ಚಕ್ರದ ಒಳಬದಿಯಲ್ಲಿ ಕಪ್ಪು ಪಟ್ಟೆ ಮೂಡಿರುತ್ತದೆ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿ. ಟಕ್ ಟಕ್ ಸದ್ದು ಇಲ್ಲದಿದ್ದರೆ ಜಾಯಿಂಟ್ ಇನ್ನೂ ಉಳಿದಿದೆ, ಬೂಟ್ ಮತ್ತು ಗ್ರೀಸ್ ತಕ್ಷಣ ಹಾಕಿಸಿ, ಅಗ್ಗದಲ್ಲಿ ಮುಗಿಯುತ್ತದೆ. ಸದ್ದು ಶುರುವಾಗಿದ್ದರೆ ಹೊಸ ಬೂಟ್ ಹಾಕಿ ಪ್ರಯೋಜನವಿಲ್ಲ, ದುಡ್ಡು ಕೂಡಿಸಿ ಜಾಯಿಂಟನ್ನೇ ಬದಲಿಸಿ.

ಇಂಜಿನ್‌ನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಬರೀ ಜಿನುಗುತ್ತಿದ್ದರೆ ಒರೆಸಿ, ತಿಂಗಳು ಬಿಟ್ಟು ನೋಡಿ. ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಮಾತ್ರ ಬೇಗ ಮಾಡಿಸಿ. ಪೆಟ್ರೋಲ್ ವಾಸನೆ ಬಂದರೆ ಈ ಪಟ್ಟಿಯನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ಹುಡುಕಿಸಿ. ಸ್ಪಾರ್ಕ್ ಪ್ಲಗ್, ಗೇರ್ ಆಯಿಲ್ ಎರಡನೇ ಸುತ್ತಿಗೆ. ಇಂಜಿನ್ ಜರ್ಕ್ ಹೊಡೆಯುತ್ತಿದ್ದರೆ ಪ್ಲಗ್ ಈಗಲೇ, ಯಾಕೆಂದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಮೂರನೇ ಸುತ್ತಿಗೆ ಸಾಕು. ಎಣ್ಣೆ ಪೂರ್ತಿ ಸೋರಿ ಕಾರು ಕುಪ್ಪಳಿಸುವಂತಾಗಿದ್ದರೆ ಅದನ್ನೂ ಮುಂದಕ್ಕೆ ತನ್ನಿ.

ಎಸಿ ಕೊನೆಗೆ. ಮನೆಯವರಿಗೆ ಬೇಸರವಾಗುತ್ತದೆ ಎಂದು ಗೊತ್ತು. ಮಳೆಯಲ್ಲಿ ಗಾಜಿನ ಮಂಜು ತೆಗೆಯಲು ಎಸಿ ಬಹಳ ಸಹಾಯ ಮಾಡುತ್ತದೆ, ಹಾಗಾಗಿ ಅವರು ಕೇಳುವುದು ಬರೀ ಆರಾಮಕ್ಕೆ ಅಂತಲೂ ಹೇಳಲಾಗದು. ಆದರೆ ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಓಡಿಸಿದಷ್ಟೂ ಖರ್ಚಾಗುವ ವಸ್ತು ಅಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಹೋಗುತ್ತಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ಮತ್ತೆ ಖಾಲಿ. ಅದನ್ನು ಸರಿಯಾಗಿ ಮಾಡಿಸುವಷ್ಟು ದುಡ್ಡು ಕೂಡುವವರೆಗೆ ಕಾಯುವುದೇ ಒಳ್ಳೆಯದು.

ಈಗ ನಿಮ್ಮ ಕೈಲಿರುವ ದುಡ್ಡಿಗೆ: ಆಯಿಲ್ ಮತ್ತು ಫಿಲ್ಟರ್, ಬ್ರೇಕ್ ಆಯಿಲ್, ಬ್ರೇಕ್ ಪರೀಕ್ಷೆ, ಆ ಸದ್ದಿನ ಮೂಲ. ಟೈರ್ ಬಿರುಕು ಬಿಟ್ಟಿದ್ದರೆ, ಸವೆದಿದ್ದರೆ ಅಥವಾ ಹತ್ತು ವರ್ಷ ಆಗಿದ್ದರೆ ಆಮೇಲೆ ಟೈರ್, ಇಲ್ಲದಿದ್ದರೆ ನೇರವಾಗಿ ಬೆಲ್ಟ್, ಪಂಪ್, ಕೂಲಂಟ್ ಒಟ್ಟಿಗೆ. ಬೆಲ್ಟ್ ಆಗುವವರೆಗೆ ದೂರದ ಪ್ರಯಾಣ ಬೇಡ. ಮುಂದಿನ ಚಕ್ರ ಬಿಚ್ಚಿದಾಗ ಪ್ಯಾಡ್, ಬೂಟ್, ಲಿಂಕ್ ರಾಡ್ ಒಂದೇ ಕೂಲಿಯಲ್ಲಿ ಆಗುತ್ತದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ತೆಗೆದ ಹಳೆ ಭಾಗಗಳನ್ನು ನಿಮಗೆ ತೋರಿಸಲು ಹೇಳಿ. ಒಂದು ನೋಟ್‌ಬುಕ್‌ನಲ್ಲಿ ತಾರೀಕು, ಕಿ.ಮೀ., ಹಾಕಿದ ಭಾಗ ಬರೆದಿಡಿ. ಈ ಕಾರಿಗೆ ಇಷ್ಟು ವರ್ಷ ಇಲ್ಲದಿದ್ದ ದಾಖಲೆ ನಿಮ್ಮಿಂದ ಶುರುವಾಗಲಿ.

ಪ್ರಶ್ನೆ: ನನ್ನದು 10 ವರ್ಷದ ಕಾರು. ತಿಂಗಳಿಗೆ 200 ಕಿ.ಮೀ. ಓಡಿದರೆ ಹೆಚ್ಚು. ಸರ್ವಿಸ್ ಕಿ.ಮೀ. ಆಗುವವರೆಗೆ ಕಾಯಬಹುದಲ್ಲವೇ?

ಉತ್ತರ: ಕಾಯಬೇಡಿ. ಮ್ಯಾನುಯಲ್‌ನಲ್ಲಿ ಕಿ.ಮೀ. ಪಕ್ಕದಲ್ಲೇ ತಿಂಗಳ ಲೆಕ್ಕವೂ ಇರುತ್ತದೆ, ನಿಮಗೆ ಅದೇ ಮುಖ್ಯ. ರಬ್ಬರ್, ಬ್ರೇಕ್ ಆಯಿಲ್, ಕೂಲಂಟ್ ನಿಂತಲ್ಲೇ ಹಳತಾಗುತ್ತವೆ. ಎರಡು ಮೂರು ಕಿ.ಮೀ.ಯ ಓಡಾಟ ಇಂಜಿನ್‌ಗೆ ದೂರದ ಪ್ರಯಾಣಕ್ಕಿಂತ ಕೆಟ್ಟದ್ದು. ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವುದರಿಂದ ಒಳಗೆ ಕೂತ ನೀರಿನಂಶ ಆವಿಯಾಗಿ ಹೋಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಬದಿ ನೋಡಿ. ಬೆಣ್ಣೆ ಬಣ್ಣದ ನೊರೆ ಕಂಡರೆ ಬಹುಪಾಲು ಅದೇ ಕಾರಣ. ಕೂಲಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ವರ್ಷಕ್ಕೊಮ್ಮೆಯಾದರೂ ಆಯಿಲ್ ಬದಲಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ. ಬ್ಯಾಟರಿಗೂ ಅದು ಒಳ್ಳೆಯದು.

ಪ್ರಶ್ನೆ: ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಡಬ್ಬಿಯ ಕೆಂಪು ದೀಪ ಮಿಣುಕುತ್ತದೆ, ಆಕ್ಸಲರೇಟರ್ ಒತ್ತಿದರೆ ಹೋಗುತ್ತದೆ. ಸೆನ್ಸರ್ ಕೆಟ್ಟಿದೆ, ಓಡಿಸಿ ಅನ್ನುತ್ತಿದ್ದಾರೆ. ಓಡಿಸಬಹುದೇ?

ಉತ್ತರ: ಓಡಿಸಬೇಡಿ. ಆ ದೀಪ ಎಣ್ಣೆಯ ಒತ್ತಡದ್ದು. ಇಂಜಿನ್ ನಿಧಾನ ತಿರುಗುವಾಗ ಒತ್ತಡ ಕಡಿಮೆ ಇರುವುದರಿಂದ ಕೊರತೆ ಮೊದಲು ಕಾಣುವುದು ಅಲ್ಲೇ. ಸೆನ್ಸರ್ ಕೆಟ್ಟಿರಲೂಬಹುದು, ಆದರೆ ಊಹೆಯ ಮೇಲೆ ಇಂಜಿನ್ ಪಣಕ್ಕಿಡಬಾರದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಹಾಕಿ ನೋಡಿ. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಸರಿಯಾದ ದರ್ಜೆಯ ಆಯಿಲ್ ಹಾಕಿ, ದೀಪ ಹೋಗುತ್ತದೆಯೇ ನೋಡಿ. ಎಷ್ಟು ದಿನದಲ್ಲಿ ಮತ್ತೆ ಇಳಿಯುತ್ತದೆ ಎಂದೂ ಗಮನಿಸಿ. ಮಟ್ಟ ಸರಿಯಿದ್ದೂ ದೀಪ ಬರುತ್ತಿದ್ದರೆ ಕಾರನ್ನು ಎಳೆಸಿಕೊಂಡೇ ಹೋಗಿ. ಗ್ಯಾರೇಜಿನಲ್ಲಿ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿಸಿ, ಇಂಜಿನ್ ಬಿಸಿಯಿರುವಾಗ ನಿಮ್ಮ ಎದುರೇ ಅಳೆಯಲು ಹೇಳಿ. ಗೇಜಿನಲ್ಲಿ ಒತ್ತಡ ಸರಿಯಾಗಿ ಬಂದರೆ ಸೆನ್ಸರ್ ಬದಲಿಸಿ ನಿಶ್ಚಿಂತೆಯಿಂದ ಓಡಿಸಿ. ಬರದಿದ್ದರೆ ಇಂಜಿನ್ ಅಡಿಯಲ್ಲಿ ಎಣ್ಣೆ ತುಂಬಿರುವ ಆಯಿಲ್ ಪ್ಯಾನ್ ಇಳಿಸಿ ಪಂಪಿನ ಜಾಲರಿ, ಬೇರಿಂಗ್ ನೋಡಿಸಬೇಕು.